ಕಿಣ್ವದ ಅಂಕಿ ಸಹಜವಿದ್ದರೂ ಹೆಪಟೈಟಿಸ್ ಸಿ ಇರಬಹುದು

ಯಕೃತ್ತಿನ ಜೀವಕೋಶಗಳಿಗೆ ಪೆಟ್ಟಾದಾಗ ಅವುಗಳೊಳಗಿನ ಕಿಣ್ವಗಳು ರಕ್ತಕ್ಕೆ ಸೋರುತ್ತವೆ. ಪ್ರಯೋಗಾಲಯದ ವರದಿಯಲ್ಲಿ ಎಸ್‌ಜಿಪಿಟಿ ಅಥವಾ ಎಎಲ್‌ಟಿ ಎಂದು ನಮೂದಾಗುವ ಅಂಕಿ ಇಂಥದೊಂದು ಕಿಣ್ವದ್ದು. ದೀರ್ಘಕಾಲದ ಹೆಪಟೈಟಿಸ್ ಸಿ ಸೋಂಕಿನಲ್ಲಿ ಈ ಅಂಕಿ ದಾರಿ ತಪ್ಪಿಸುವುದುಂಟು. ಅದು ಕೆಲ ಕಾಲ ಏರಿ, ಮತ್ತೆ ತಾನಾಗಿಯೇ ಇಳಿಯುತ್ತದೆ. ಸುಮಾರು ಶೇ 30ರಷ್ಟು ಸೋಂಕಿತರಲ್ಲಂತೂ ಸತತವಾಗಿ ಸಹಜ ಮಿತಿಯಲ್ಲೇ ಇರುತ್ತದೆ. ಅಂಥವರಲ್ಲೂ ಕೆಲವರ ಯಕೃತ್ತು ಸದ್ದಿಲ್ಲದೆ ಗಟ್ಟಿಯಾಗುತ್ತಾ ಸಿರೋಸಿಸ್‌ನತ್ತ ಸಾಗಿರುತ್ತದೆ.

1989ರಲ್ಲಿ ಈ ವೈರಾಣು ಪತ್ತೆಯಾಗುವ ಮುನ್ನ ಅಮೆರಿಕದ ರಕ್ತನಿಧಿಗಳು ದಾನಿಗಳ ತಪಾಸಣೆಗೆ ಎಎಲ್‌ಟಿಯನ್ನೂ ನೆಚ್ಚಿಕೊಂಡಿದ್ದವು. ಆಗ ನೇರ ಪರೀಕ್ಷೆಯೇ ಇರಲಿಲ್ಲ. ಇಂಟರ್‌ಫೆರಾನ್ ಚುಚ್ಚುಮದ್ದಿನ ಕಾಲದಲ್ಲಿ ಕಿಣ್ವ ಸಹಜವಿದ್ದವರಿಗೆ ಚಿಕಿತ್ಸೆ ಮುಂದೂಡುವ ರೂಢಿಯೂ ಇತ್ತು. ಈಗ ಹಾಗೆ ಕಾಯಬೇಕಾದ ಕಾರಣವಿಲ್ಲ.

ಸೋಂಕಿನ ಸುಳಿವು ನೀಡುವುದು ಪ್ರತಿಕಾಯ ಪರೀಕ್ಷೆ. ಖಚಿತಪಡಿಸುವುದು ಆರ್‌ಎನ್‌ಎ ಪರೀಕ್ಷೆ. ಸೋಫೊಸ್ಬುವಿರ್ ಒಳಗೊಂಡ ಮಾತ್ರೆಗಳನ್ನು ಸಾಮಾನ್ಯವಾಗಿ 12 ವಾರ ಸೇವಿಸಿದರೆ ಬಹುಪಾಲು ಮಂದಿ ಗುಣ ಹೊಂದುತ್ತಾರೆ. 2018ರಲ್ಲಿ ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಪರೀಕ್ಷೆ ಮತ್ತು ಔಷಧ ಉಚಿತ. ಆಗಲೇ ಸಿರೋಸಿಸ್ ಆಗಿರುವವರು ಮಾತ್ರ ವೈರಾಣು ತೊಲಗಿದ ಮೇಲೂ ಆರು ತಿಂಗಳಿಗೊಮ್ಮೆ ಸ್ಕ್ಯಾನಿಂಗ್ ಮಾಡಿಸಬೇಕು. ಯಕೃತ್ತಿನ ಕ್ಯಾನ್ಸರ್ ಅಪಾಯ ಅವರಿಗೆ ಪೂರ್ತಿ ತಪ್ಪಿರುವುದಿಲ್ಲ.