ಕ್ಯಾಂಪಿನಿಂದ ಕ್ಯಾಂಪಿಗೆ

ಗಂಗಾವತಿ ಸೀಮೆಯ ಬಸ್ಸು ಹತ್ತಿ ಕೂತರೆ ಅರ್ಧ ತಾಸಿನೊಳಗೆ ನಾಲ್ಕು ಸಲವಾದರೂ ಕಂಡಕ್ಟರ್ ಕೂಗುತ್ತಾನೆ: "ಕ್ಯಾಂಪ್ ಯಾರ್ರೀ? ಕ್ಯಾಂಪ್! ಬಾಗಲಕ್ಕ ಬರ್ರಿ." ಹೊಸಬರು ಕಿಟಕಿಯಿಂದ ಇಣುಕಿ ಡೇರೆ ಹುಡುಕುತ್ತಾರೆ. ಎಲ್ಲಿಯ ಡೇರೆ? ಎರಡಂತಸ್ತಿನ ಆರ್‌ಸಿಸಿ ಮನೆ, ಅಂಗಳದಲ್ಲಿ ಟ್ರ್ಯಾಕ್ಟರ್, ಪಕ್ಕದಲ್ಲಿ ರಾಮಮಂದಿರ, ಆಚೆ ಅಕ್ಕಿ ಗಿರಣಿ. ಕಾಯಿಪಲ್ಯದ ಚೀಲ ಹಿಡಿದು ಇಳಿಯುವ ಮುದುಕಿ ಅಲ್ಲಿಗೆ ಸೊಸೆಯಾಗಿ ಬಂದು ಅರವತ್ತು ವರ್ಷವಾಗಿರುತ್ತದೆ. ಆದರೂ ಅದು ಕ್ಯಾಂಪು.

ನಿಘಂಟು ತೆರೆದರೆ ಕ್ಯಾಂಪ್ ಅಂದರೆ ಶಿಬಿರ, ಪಾಳೆಯ, ತಂಗುದಾಣ. ಇವತ್ತು ಇದ್ದು ನಾಳೆ ಗೂಟ ಕಿತ್ತುಕೊಂಡು ಹೋಗುವ ಜಾಗ. ಮರಳಿಯಲ್ಲಿ ಹುಟ್ಟಿ ಬೆಳೆದ ನನಗೆ ಈ ಅರ್ಥ ತಿಳಿದದ್ದು ಹನ್ನೊಂದನೆಯ ವಯಸ್ಸಿಗೆ. ಅದೂ ಒಂದು ಪೋಸ್ಟ್ ಕಾರ್ಡಿನಿಂದ. ಆ ಕಾರ್ಡಿಗೆ ಆಮೇಲೆ ಬರುತ್ತೇನೆ.

ನಮ್ಮ ಕ್ಯಾಂಪುಗಳು ಹುಟ್ಟಿದ್ದು ನೀರಿನಿಂದ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು ಎಡದಂಡೆ ಕಾಲುವೆಗೆ ನೀರು ಹರಿದ ಮೇಲೆ ಕೃಷ್ಣಾ, ಗೋದಾವರಿ, ಗುಂಟೂರು ಕಡೆಯ ರೈತರು ಅಲ್ಲಿಯ ತುಂಡು ಭೂಮಿ ಮಾರಿ ಇಲ್ಲಿ ಎಕರೆಗಟ್ಟಲೆ ಕೊಂಡರು. ನಮ್ಮವರಿಗೆ ಜೋಳ ಗೊತ್ತು, ಹತ್ತಿ ಗೊತ್ತು. ಮೊಣಕಾಲುದ್ದ ಕೆಸರಿನಲ್ಲಿ ನಿಂತು ಭತ್ತ ನಾಟುವುದು ಗೊತ್ತಿರಲಿಲ್ಲ. ಬಂದವರು ಊರೊಳಗೆ ಮನೆ ಕೇಳಲಿಲ್ಲ. ಕೊಂಡ ಹೊಲದ ನಡುವೆಯೇ ಗುಡಿಸಲು ಹಾಕಿ, ಹತ್ತಿಪ್ಪತ್ತು ಮನೆ ಒಂದು ಕಡೆ ಸೇರಿ ಕೂತರು. ಊರಿನವರು ದೂರದಿಂದ ನೋಡಿ 'ಕ್ಯಾಂಪು' ಅಂದರು. ಎರಡು ಬೆಳೆ ತೆಗೆದು ಹೋಗೋ ಮಂದಿ ಅನ್ನುವ ಸಣ್ಣ ಚುಚ್ಚು ಆ ಮಾತಿನಲ್ಲಿ ಇತ್ತೆಂದು ನನ್ನ ಅನುಮಾನ. ಹೋಗಲಿಲ್ಲ. ಗುಡಿಸಲು ಹೋಯಿತು, ಹಂಚಿನ ಮನೆ ಬಂತು, ಹಂಚು ಹೋಗಿ ಸ್ಲ್ಯಾಬ್ ಬಂತು. ಶ್ರೀರಾಮನಗರದಂಥವು ಹೆಸರಿನಲ್ಲೇ ನಗರವಾದವು. ಪಕ್ಕದ ಸಿಂಧನೂರಿನಲ್ಲಿ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರಿಗೂ ಕ್ಯಾಂಪೇ ಕಟ್ಟಿದರು. ಅವಕ್ಕೆ ಹೆಸರೂ ಇಲ್ಲ, ಆರ್‌ಎಚ್ ಕ್ಯಾಂಪ್ ಎಂದು ನಂಬರು. ಅಲ್ಲಿಯ ಮೀನಿನ ಸಾರಿಗೆ ಈಗ ನಮ್ಮೂರಿನವರೂ ಹೋಗುತ್ತಾರೆ. ಕ್ಯಾಂಪು ಮಾತ್ರ ಕ್ಯಾಂಪಾಗಿಯೇ ಉಳಿದಿದೆ.

ಇಂಗ್ಲಿಷಿನ ಈ ಪದದ ಅಜ್ಜ ಲ್ಯಾಟಿನ್ನಿನ ಕ್ಯಾಂಪಸ್. ಅದಕ್ಕೆ ಅರ್ಥ ಬಯಲು, ಹೊಲ. ಕಾಲೇಜಿನ ಕ್ಯಾಂಪಸ್ಸು ಅದೇ ಅಜ್ಜನ ಇನ್ನೊಬ್ಬ ಮೊಮ್ಮಗ. ಬಯಲಿನಲ್ಲಿ ದಂಡು ಇಳಿಯಿತು. ದಂಡು ಇಳಿದ ಜಾಗಕ್ಕೆ ಕ್ಯಾಂಪ್ ಎಂದರು. ಬೆಳಗಾವಿಯಲ್ಲಿ ಇಂದಿಗೂ ಕ್ಯಾಂಪ್ ಅಂದರೆ ದಂಡಿನ ಪ್ರದೇಶವೇ. ಡೇರೆ, ತುತ್ತೂರಿ, ಕುದುರೆಗಳ ಜೊತೆ ದೇಶದೇಶ ಅಲೆದ ಪದ ನಮ್ಮ ಎರಿಭೂಮಿಗೆ ಬಂದು ಮತ್ತೆ ಹೊಲದ ನಡುವೆ ಕೂತಿತಲ್ಲ, ಅದರ ಬಗ್ಗೆ ನನಗೆ ಒಂದು ಬಗೆಯ ಅಕ್ಕರೆ.

ಬೇರೆ ಕಡೆ ಅದು ಇನ್ನೂ ಅಲೆಯುತ್ತಲೇ ಇದೆ. ಕಚೇರಿಗೆ ಹೋದರೆ "ಸಾಹೇಬ್ರು ಕ್ಯಾಂಪಿನ್ಯಾಗ ಅದಾರ" ಅನ್ನುತ್ತಾರೆ. ಅಂದರೆ ಇವತ್ತು ಸಹಿ ಆಗುವುದಿಲ್ಲ. ನಮ್ಮ ಅಜ್ಜಿಗೆ ಕಣ್ಣಿನ ಕ್ಯಾಂಪು, ಅತ್ತೆಗೆ ಆಪರೇಶನ್ ಕ್ಯಾಂಪು, ಕಾಲೇಜು ಹುಡುಗರಿಗೆ ಏಳು ದಿನದ ಎನ್ನೆಸ್ಸೆಸ್ ಕ್ಯಾಂಪು. ನಾಟಕ ಕಂಪನಿಯವರದ್ದು ಇನ್ನೊಂದು ಲೆಕ್ಕ: ಇಸವಿ ಕೇಳಿದರೆ ಹೇಳಲಾರರು, "ಮಗ ಹುಟ್ಟಿದ್ದು ಗದಗ ಕ್ಯಾಂಪಿನ್ಯಾಗ" ಅನ್ನುತ್ತಾರೆ.

ಈಗ ಕಾರ್ಡು. 1984ರ ಬ್ಯಾಸಗಿ ಸೂಟಿ. ನಮ್ಮ ಶಾಲೆಯಿಂದ ಹತ್ತು ದಿನದ ಸ್ಕೌಟ್ ಕ್ಯಾಂಪಿಗೆ ಇಬ್ಬರನ್ನು ಆರಿಸಿದರು. ನಾನು ಮರಳಿಯವನು, ಗೆಳೆಯ ಊರಿಂದ ಒಂದೂವರೆ ಮೈಲಿ ಆಚೆಯ ಕ್ಯಾಂಪಿನವನು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಜಗಳಕ್ಕೆ ಎರಡೂ. ಇಂಗ್ಲೆಂಡಿನಲ್ಲಿ ಬೇಡನ್ ಪೊವೆಲ್ 1907ರಲ್ಲಿ ಇಪ್ಪತ್ತು ಹುಡುಗರನ್ನು ಬ್ರೌನ್‌ಸೀ ಎಂಬ ದ್ವೀಪಕ್ಕೆ ಕರೆದೊಯ್ದು ಮೊದಲ ಕ್ಯಾಂಪು ನಡೆಸಿದನೆಂದು ಅಲ್ಲಿ ಪಾಠ ಹೇಳಿದರು. ಆ ಇಪ್ಪತ್ತು ಹುಡುಗರಲ್ಲಿ ರಾತ್ರಿ ಅತ್ತವರು ಎಷ್ಟು ಮಂದಿ ಎಂದು ಕೇಳುವ ಆಸೆ ನನಗಿತ್ತು. ಕೇಳಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಎಲ್ಲರನ್ನೂ ಬೇವಿನ ಮರದ ಕೆಳಗೆ ಕೂಡಿಸಿ, ಒಬ್ಬೊಬ್ಬರಿಗೆ 15 ಪೈಸೆಯ ಕಾರ್ಡು ಒಂದೊಂದು ಕೊಟ್ಟು, ಮನೆಗೆ ಪತ್ರ ಬರೆಯಿರಿ ಅಂದರು. ಬರೆದದ್ದನ್ನು ಸರ್ ಓದಿ ತಿದ್ದಿದ ಮೇಲೆಯೇ ಡಬ್ಬಿಗೆ. ನನ್ನ ಕಾರ್ಡನ್ನು ಅಪ್ಪ ಬಹಳ ವರ್ಷ ಪಂಚಾಂಗದ ನಡುವೆ ಇಟ್ಟಿದ್ದ. ಹಾಗಾಗಿ ಅಕ್ಷರಕ್ಷರ ನೆನಪಿದೆ:

"ತೀರ್ಥರೂಪ ಅಪ್ಪನವರಿಗೆ ಸಾಷ್ಟಾಂಗ ನಮಸ್ಕಾರಗಳು. ನಾನು ಇಲ್ಲಿ ಕ್ಷೇಮ. ನನ್ನ ಒಂದು ಚಪ್ಪಲಿ ಕಳೆದಿದೆ, ಇನ್ನೊಂದು ಕ್ಷೇಮ. ಮುಂಜಾನೆ ಉಪ್ಪಿಟ್ಟು ಕೊಡುತ್ತಾರೆ. ಉಳಿದರೆ ಸಂಜೆಯೂ ಕೊಡುತ್ತಾರೆ. ದಿನಾ ಉಳಿಯುತ್ತದೆ. ನಾನು ಅತ್ತಿಲ್ಲ, ರಾತ್ರಿ ಮಾತ್ರ. ಎಮ್ಮಿ ಈದಿದ್ದರೆ ನಾನು ಬರುವ ತನಕ ಕರುವಿಗೆ ಹೆಸರು ಇಡಬಾರದು. ಗಿಣ್ಣ ಇಡಬೇಕು. ಬೇಗ ಮರಳಿ ಮರಳಿಗೆ ಬರುತ್ತೇನೆ."

ಉಪ್ಪಿಟ್ಟಿನ ಮೂರು ವಾಕ್ಯಕ್ಕೆ ಸರ್ ಕಾಟು ಹೊಡೆದರು. ಸೆನ್ಸಾರ್ ಅಂದಮೇಲೆ ಅಷ್ಟು ಸಹಜ. ಆದರೆ ಕೊನೆಯ ಸಾಲಿನಲ್ಲಿ ಅವರ ಕೆಂಪು ಪೆನ್ನು ನಿಂತಿತು. "ಒಂದ ಶಬ್ದ ಎರಡು ಸಲ ಬರದೀಯಲ್ಲೋ." ಅದು ನಮ್ಮೂರ ಹೆಸರು ಸರ್, ಅಂದೆ. ಅವರು ಬೇರೆ ಜಿಲ್ಲೆಯವರು, ನಂಬಲಿಲ್ಲ. ವಿಳಾಸ ತೋರಿಸಿದೆ: ಮು||ಪೋ|| ಮರಳಿ, ತಾ|| ಗಂಗಾವತಿ, ಜಿ|| ರಾಯಚೂರು. ಕೊಪ್ಪಳ ಆಗ ಇನ್ನೂ ಜಿಲ್ಲೆಯಾಗಿರಲಿಲ್ಲ, ಆದದ್ದು 1997ರಲ್ಲಿ. ಸರ್ ನಕ್ಕು, ಹೊಡೆಯಲಿಕ್ಕೆ ಹೊರಟಿದ್ದ ಕಾಟು ಬಿಟ್ಟರು. ಹಿಂದಿರುಗಿ ಬರುವುದಕ್ಕೂ ಊರಿಗೂ ಒಂದೇ ಶಬ್ದ ಇರುವ ಊರಿನಲ್ಲಿ ಹುಟ್ಟಿದ್ದೇನೆ ಎಂದು ನನಗೆ ಹೊಳೆದದ್ದೇ ಆವತ್ತು.

ಗೆಳೆಯನ ಸರದಿ ಬಂತು. ಅವನದು ಚಿಕ್ಕ ಕಾರ್ಡು; ಅಪ್ಪನಿಗೆ ಅವರಲ್ಲಿ ನಾನ್ನ ಅನ್ನುತ್ತಾರೆ. "ಕ್ಯಾಂಪಿನಲ್ಲಿ ಬೇಸರ ಆಗಿದೆ. ಕ್ಯಾಂಪು ಬಹಳ ನೆನಪಾಗುತ್ತದೆ. ನಾನು ಕ್ಯಾಂಪಿನಲ್ಲಿ ಇರುವುದಿಲ್ಲ, ಕ್ಯಾಂಪಿಗೆ ಬರುತ್ತೇನೆ. ನಾನ್ನ ಬಂದು ಕರಕೊಂಡು ಹೋಗಬೇಕು."

ಸರ್ ಅದನ್ನು ಎತ್ತರದ ದನಿಯಲ್ಲಿ ಓದಿದರು. ಮರದ ಕೆಳಗಿನ ನಲವತ್ತು ಹುಡುಗರೂ ನಕ್ಕರು. ನಾನೂ ನಕ್ಕೆ, ಯಾಕೆಂದು ಪೂರ್ತಿ ತಿಳಿಯದೆ. "ಲೇ, ಕ್ಯಾಂಪಿನ್ಯಾಗ ಕುಂತು ಕ್ಯಾಂಪಿಗೆ ಬರ್ತೀನಿ ಅಂತೀಯಲ್ಲ, ತಲಿ ಸರಿ ಐತಿಲ್ಲ?"

"ಆ ಕ್ಯಾಂಪ್ ಬ್ಯಾರೆ ರೀ ಸರ್. ಈ ಕ್ಯಾಂಪ್ ಬ್ಯಾರೆ."

"ಏನು ಬ್ಯಾರೆ?"

ಅವನು ಸ್ವಲ್ಪ ಹೊತ್ತು ನೆಲ ನೋಡಿದ. "ಅದು ಮನಿ ರೀ."

ನಗು ನಿಂತಿತು ಎಂದು ಬರೆದರೆ ಕತೆ ಚೆನ್ನಾಗಿರುತ್ತದೆ. ನಿಲ್ಲಲಿಲ್ಲ; ಹುಡುಗರು ಇನ್ನೂ ಜೋರಾಗಿ ನಕ್ಕರು. ಕ್ಯಾಂಪಂತ ಮನಿ! ಅವರ ಊರುಗಳಲ್ಲಿ ಕ್ಯಾಂಪೆಂದರೆ ಡೇರೆ, ಸೀಟಿ, ಕ್ಯಾಂಪ್ ಫೈರು. ಕ್ಯಾಂಪು ಮುಗಿಯುವ ತನಕ ಅವನಿಗೆ 'ಡಬಲ್ ಕ್ಯಾಂಪ್' ಎಂದೇ ಹೆಸರು ಉಳಿಯಿತು.

ಕಾರ್ಡಿನ ಅಡಿಯಲ್ಲಿ ಎರಡು ಸಾಲು ತೆಲುಗು ಇತ್ತು, ಕನ್ನಡ ಅಕ್ಷರದಲ್ಲಿ. ಅವನಿಗೆ ತೆಲುಗು ಬರೆಯಲು ಬಾರದು, ಅವನ ತಾಯಿಗೆ ಕನ್ನಡ ಓದಲು ಬಾರದು. ಆದರೆ ಈ ಎರಡು ಲಿಪಿಗಳು ಅಕ್ಕತಂಗಿಯರು. ತಲೆಕಟ್ಟು ಒಂದಿಷ್ಟು ಆಚೀಚೆ ಅಷ್ಟೆ, ತಡವರಿಸಿ ಓದಿದರೆ ದಕ್ಕುತ್ತದೆ. "ಅಮ್ಮಾ, ಇಕ್ಕಡ ಅನ್ನಂ ಬಾಗಾಲೇದು" ಎಂದಿತ್ತು ಮೊದಲ ಸಾಲು. ಅಮ್ಮಾ, ಇಲ್ಲಿ ಅನ್ನ ಚೆನ್ನಾಗಿಲ್ಲ ಎಂದು. ಸರ್ ಅನ್ನ ಎಂಬ ಒಂದು ಪದ ಹಿಡಿದು, "ಊಟದ ಬಗ್ಗೆ ಬರದೀ? ಚಲೋ" ಎಂದು ಬೆನ್ನು ತಟ್ಟಿ ಡಬ್ಬಿಗೆ ಹಾಕಿಸಿದರು. ನನ್ನ ಉಪ್ಪಿಟ್ಟಿಗೆ ಬಿದ್ದ ಕತ್ತರಿ ಅವನ ಅನ್ನಕ್ಕೆ ಬೀಳಲಿಲ್ಲ. ಎರಡು ಭಾಷೆ ಇದ್ದವನ ಲಾಭ.

ಬಹಳ ವರ್ಷಗಳ ಮೇಲೆ ಶಾಸನಗಳ ಪುಸ್ತಕವೊಂದನ್ನು ತಿರುವುತ್ತಿದ್ದಾಗ ಆ ಕಾರ್ಡು ನೆನಪಾಯಿತು. ಕಲ್ಯಾಣ ಚಾಲುಕ್ಯರ ಶಾಸನಗಳಲ್ಲಿ ರಾಜ ಸುಖವಾಗಿ ಆಳುತ್ತಿದ್ದ ಜಾಗಕ್ಕೆ ಮತ್ತೆ ಮತ್ತೆ ಬರುವ ಹೆಸರು 'ನೆಲೆವೀಡು'. ಬೀಡು ಅಂದರೆ ದಂಡು ಬಿಟ್ಟ ಜಾಗ, ಅಪ್ಪಟ ಕ್ಯಾಂಪು. ಕೆಡುವಿನಿಂದ ಕೇಡು ಆದ ಹಾಗೆ ಬಿಡುವಿನಿಂದ ಬೀಡು. ಎತ್ತಿನ ಹೆಗಲಿನಿಂದ ನೊಗ ಬಿಟ್ಟೆವು, ಹೊರೆ ಇಳಿಸಿದೆವು, ಆದ್ದರಿಂದ ಅದು ಬೀಡು. ಬಿಡಾರವೂ ಅದೇ ಮನೆತನ. ಆ ಬೀಡಿಗೆ 'ನೆಲೆ' ಸೇರಿಸಿದರೆ ರಾಜಧಾನಿ! ನಿಂತುಬಿಟ್ಟ ಕ್ಯಾಂಪು. ಹಳೇಬೀಡು ಎಂದರೆ ಹಳೆಯ ಕ್ಯಾಂಪೇ ಅಲ್ಲವೆ? ತಮಿಳರಂತೂ ಇನ್ನೂ ಮುಂದೆ ಹೋಗಿ, ಅದೇ ಬೇರಿನ ವೀಡು ಎಂಬ ಪದವನ್ನು ಮನೆಗೇ ಇಟ್ಟುಕೊಂಡರು. ನಾವು ವಿಳಾಸಕ್ಕೆ ಮೊದಲು ಬರೆಯುವ 'ಮು||' ಕೂಡ ಮುಕ್ಕಾಂ. ಅರಬ್ಬಿಯಿಂದ ಬಂದ ಅದೂ ತಂಗುವ ಜಾಗವೇ. ಹತ್ತು ತಲೆಮಾರಿನಿಂದ ಒಂದೇ ಊರಿನಲ್ಲಿದ್ದ ನನ್ನ ಅಪ್ಪನೂ ಕಾಗದದ ಮೇಲೆ ಮರಳಿಯಲ್ಲಿ ಮುಕ್ಕಾಂ ಮಾಡಿದವನು. ಆ ದಿನ ಇಷ್ಟು ಗೊತ್ತಿದ್ದರೆ ಬೇವಿನ ಮರದ ಕೆಳಗೆ ಎದ್ದು ನಿಂತು ಗೆಳೆಯನ ಪರ ವಾದಿಸಬಹುದಿತ್ತು. ಹನ್ನೊಂದರ ಹುಡುಗನಿಗೆ ಎಲ್ಲಿಯ ಚಾಲುಕ್ಯರು. ನಾನು ಉಳಿದವರ ಜೊತೆ ನಗುತ್ತಿದ್ದೆ.

ಮನೆಯನ್ನು ನೆನೆದು ಬರುವ ಸಂಕಟಕ್ಕೆ ನಮ್ಮ ಕಡೆಯ ಮಕ್ಕಳ ಬಾಯಲ್ಲಿ ಬೇರೆ ಪದವಿಲ್ಲ ಎನ್ನುವುದೂ ಆಗಲೇ ಗೊತ್ತಾದದ್ದು. ಆಟ ಸಾಕಾದರೂ ಬ್ಯಾಸರ, ಗಣಿತವೂ ಬ್ಯಾಸರ, ಅವ್ವನ ನೆನಪಾಗಿ ಗಂಟಲು ಕಟ್ಟಿದರೂ ಬ್ಯಾಸರ. ಯಾವ ಬ್ಯಾಸರ ಎಂದು ಮುಖ ನೋಡಿ ತಿಳಿಯಬೇಕು. ಕಾರ್ಡಿಗೆ ಮುಖ ಎಲ್ಲಿಯದು?

ಈಗ ಗಂಗಾವತಿಯಲ್ಲಿ ಏಪ್ರಿಲ್ ಬಂದರೆ ಗಲ್ಲಿಗೊಂದು ಸಮ್ಮರ್ ಕ್ಯಾಂಪು. ಕರಾಟೆ, ಡ್ರಾಯಿಂಗು, ಬೆಂಕಿ ಇಲ್ಲದ ಅಡುಗೆ. ಬೆಳಿಗ್ಗೆ ಒಂಬತ್ತಕ್ಕೆ ಹೋದವರು ಊಟಕ್ಕೆ ಮನೆಯಲ್ಲಿ. ಹೋದ ವರ್ಷ ತಮ್ಮನ ಮಗಳಿಗೆ ಅಲ್ಲಿ ಪತ್ರ ಬರೆಯುವುದನ್ನು ಕಲಿಸಿದರಂತೆ. ಒಂಬತ್ತು ವರ್ಷದ ಹುಡುಗಿ, ಮನೆಯಿಂದ ಮೂರು ಫರ್ಲಾಂಗು ದೂರ ಕೂತು ಬರೆದಿದ್ದಳು: "ಅಮ್ಮ, ನಿನ್ನ ನೆನಪಾಗುತ್ತಿದೆ. ಮಧ್ಯಾಹ್ನ 1 ಗಂಟೆಗೆ ಬರುತ್ತೇನೆ. ಮೊಬೈಲ್ ಚಾರ್ಜಿಗೆ ಹಾಕಿರು." ನನಗೆ ತೋರಿಸಿ, "ದೊಡ್ಡಪ್ಪ, ನೀನೂ ಕ್ಯಾಂಪಿಗೆ ಹೋಗಿದ್ಯಾ?" ಎಂದು ಕೇಳಿದಳು. ಹೌದೆಂದೆ. ಯಾವ ಕ್ಯಾಂಪು ಎಂದು ಅವಳು ಕೇಳಲಿಲ್ಲ.

ಆ ಕಾರ್ಡುಗಳ ವಿಷಯ ಇನ್ನೊಂದಿಷ್ಟಿದೆ. ನನ್ನದು ಆರನೆಯ ದಿನವೇ ಮುಟ್ಟಿತ್ತು. ಕರುವಿಗೆ ಹೆಸರಿಡದೆ ಕಾದಿದ್ದರು, ಗಿಣ್ಣ ಮಾತ್ರ ಉಳಿದಿರಲಿಲ್ಲ. ಗೆಳೆಯನದು ಎಲ್ಲೋ ಸಿಕ್ಕಿಬಿತ್ತು. ಅದು ಕ್ಯಾಂಪು ತಲುಪಿದ್ದು ನಾವು ವಾಪಸು ಬಂದ ಮೂರನೆಯ ದಿನ. ನಾನು ಅಂದು ಅವನ ಮನೆಯಲ್ಲೇ ಇದ್ದೆ. ಟಪಾಲಿನವನು ಸೈಕಲ್ಲಿನಿಂದ ಇಳಿಯದೆ ಕಟ್ಟೆಯ ಮೇಲೆ ಕಾರ್ಡು ಎಸೆದು ಹೋದ. ಅವನ ತಾಯಿ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಅದನ್ನು ಎತ್ತಿಕೊಂಡಳು, ಹಿಂದೆ ಮುಂದೆ ನೋಡಿದಳು, ಓದಲು ಮಗನ ಕೈಗೇ ಕೊಟ್ಟಳು. ಅವನು ಬಾಗಿಲ ಚೌಕಟ್ಟಿಗೆ ಒರಗಿ ನಿಂತು ಒಂದೊಂದೇ ಸಾಲನ್ನು ತೆಲುಗಿಗೆ ತಿರುಗಿಸಿ ಓದಿದ: ಬೇಸರ, ನೆನಪು, ನಾನ್ನ ಬಂದು ಕರಕೊಂಡು ಹೋಗಬೇಕು. ಕಡೆಯ ಎರಡು ಸಾಲಿಗೆ ಬಂದಾಗ ದನಿ ಸಣ್ಣದಾಯಿತು. ಆಕೆ ಪೂರ್ತಿ ಕೇಳಿ, ಒಳಗೆ ಹೋಗಿ, ತಾಟಿನ ತುಂಬ ಬಿಸಿ ಅನ್ನ ತಂದು ಅವನ ಮುಂದಿಟ್ಟಳು. ಅರ್ಧ ತಾಸಿನ ಹಿಂದಷ್ಟೇ ನಾವಿಬ್ಬರೂ ಉಂಡಿದ್ದೆವು. ಅವನು ಕೂತು ಮತ್ತೊಮ್ಮೆ ಉಂಡ.