ಜಗಲಿಯ ಬೆಳಕು

1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಪೇಟೆಯ ಇಕ್ಕಟ್ಟು ಮನೆಗಳು ಸಾಕಾಗಿ, ಅಗಲ ರಸ್ತೆ, ಗಾಳಿ, ಬೆಳಕು ಬೇಕೆಂದು ಬಸವನಗುಡಿ, ಮಲ್ಲೇಶ್ವರ ಬೆಳೆದವು. 1903ರಲ್ಲಿ, ಚರ್ಮದ ಕ್ಷಯಕ್ಕೆ ಬೆಳಕಿನ ಚಿಕಿತ್ಸೆ ಕೊಟ್ಟ ಡೆನ್ಮಾರ್ಕಿನ ಫಿನ್ಸೆನ್ ಅವರಿಗೆ ನೊಬೆಲ್ ಬಂತು. ಆದರೆ ನಮ್ಮ ಬಸವನಗುಡಿ ಮನೆಯಲ್ಲಿ ಬೆಳಕೆಲ್ಲ ಜಗಲಿಗೆ, ಅಂದರೆ ಪೇಪರು ಓದುವ ಗಂಡಸರಿಗೆ! ಅಡಿಗೆಮನೆ ಹಿಂದುಗಡೆ. ಅಜ್ಜಿ ರಂಗೋಲಿ ಇಡುತ್ತಿದ್ದುದೂ ಸೂರ್ಯ ಹುಟ್ಟುವ ಮೊದಲೇ. ಅವಳ ಮೈಕೈ ನೋವಿಗೆ ವಯಸ್ಸೆಂದು ಹೆಸರಿಟ್ಟರು.

ನನಗೂ ಈಗ ಅದೇ ನೋವು, ಮಲಗಿ ಎದ್ದರೂ ಹೋಗದ ದಣಿವು. ಬೆಳಗಿನ ಬೆಳಕು ಕಣ್ಣಿಗೆ ಬಿದ್ದರೆ ದೇಹದ ಗಡಿಯಾರ ಸರಿಹೋಗುತ್ತದೆ, ರಾತ್ರಿ ನಿದ್ದೆ ಬಂದು ನೋವು ತುಸು ತಗ್ಗಬಹುದು ಎನ್ನುತ್ತಾರೆ ಡಾಕ್ಟರು. ಮಾತ್ರೆ ಬಿಡಬೇಡಿ, ಅರ್ಧ ಗಂಟೆ ಜಗಲಿಯಲ್ಲಿ ಕೂತುಕೊಳ್ಳಿ, ಕುಕ್ಕರ್ ಕೂಗಿದರೂ ಏಳಬೇಡಿ ಅಂತಲೂ ಹೇಳಿದ್ದಾರೆ.