ಕೈಬರಿದಾದ ವರ್ಷ ಮತ್ತು ಅದರ ಮರುವರ್ಷ: ಚೆನ್ನೈನ ಆತ್ಮಹತ್ಯೆಗಳ ಲೆಕ್ಕದಲ್ಲಿ ಸಾಲದ ಪಾತ್ರ

ಆರ್ಥಿಕ ಕುಸಿತದ ಬೆನ್ನಿಗೇ ಆತ್ಮಹತ್ಯೆಗಳು ಏರುತ್ತವೆ ಎಂಬ ನಂಬಿಕೆಗೆ ಚೆನ್ನೈನ ಅಂಕಿಗಳು ಸುಲಭವಾಗಿ ಒಗ್ಗುವುದಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2019ರಲ್ಲಿ ನಗರದಲ್ಲಿ 2,461 ಆತ್ಮಹತ್ಯೆಗಳಾದವು. ಲಾಕ್‌ಡೌನ್‌ನಿಂದ ದುಡಿಮೆಯೇ ನಿಂತುಹೋದ 2020ರಲ್ಲಿ ಸಂಖ್ಯೆ 2,430ಕ್ಕೆ ಇಳಿಯಿತು. ಮರುವರ್ಷ 2,699ಕ್ಕೆ ಏರಿತು. ಒಂದು ನಗರದ ಮೂರು ವರ್ಷಗಳಿಂದ ನಿಯಮವೇನೂ ಹುಟ್ಟದು. ಆದರೂ ಈ ವಿಳಂಬಕ್ಕೆ ಕಾರಣ ಹುಡುಕಲೇಬೇಕು. ನನ್ನ ವಾದವಿಷ್ಟು: ವರಮಾನದ ಇಳಿಕೆಗಿಂತ, ಅದು ಸಾಲವಾಗಿ, ಆ ಸಾಲ ಮಾನದ ಪ್ರಶ್ನೆಯಾಗಿ ಮಾರ್ಪಡುವುದೇ ಹೆಚ್ಚು ಅಪಾಯಕಾರಿ; ಆ ಮಾರ್ಪಾಟಿಗೆ ತಿಂಗಳುಗಳು ಹಿಡಿಯುತ್ತವೆ. 2020ರಲ್ಲಿ ಬೀದಿಯ ಎಲ್ಲರ ಕೈಯೂ ಬರಿದಾಗಿತ್ತು, ಹಾಗಾಗಿ ಬರಿಗೈಯಲ್ಲಿ ನಾಚಿಕೆಪಡುವಂಥದ್ದೇನೂ ಇರಲಿಲ್ಲ. ಬ್ಯಾಂಕ್ ಸಾಲದ ಕಂತುಗಳನ್ನು ಆಗಸ್ಟ್ ಕೊನೆಯವರೆಗೆ ಮುಂದೂಡಲು ರಿಸರ್ವ್ ಬ್ಯಾಂಕ್ ಅವಕಾಶ ಕೊಟ್ಟಿತ್ತು. ಬಡತನಕ್ಕಿಂತ ಬದುಕಿನ ಕಟ್ಟುಪಾಡುಗಳು ಹಠಾತ್ತನೆ ಸಡಿಲಗೊಳ್ಳುವುದೇ ಆತ್ಮಹತ್ಯೆಗೆ ಹತ್ತಿರದ ಕಾರಣವೆಂದು ಸಮಾಜಶಾಸ್ತ್ರಜ್ಞ ಡರ್ಕೈಮ್ 1897ರಲ್ಲೇ ವಾದಿಸಿದ್ದ. ಆದರೆ ಸಾಲಗಾರನ ಮನೆ ಬಾಗಿಲಿಗೆ ಬಂದು ನಿಲ್ಲುವ ವಸೂಲಿಗಾರ ಅವನ ಸಿದ್ಧಾಂತದಲ್ಲಿಲ್ಲ.

ಚೆನ್ನೈನಲ್ಲಿ ಆ ವಸೂಲಿಗಾರ ಹೊಸಬನಲ್ಲ. ತಳ್ಳುಗಾಡಿಯವರು, ಮೀನು ಮಾರುವವರು ಪಡೆಯುವ ‘ತಂಡಲ್’ ಸಾಲದಲ್ಲಿ ಬಡ್ಡಿಯನ್ನು ಮೊದಲೇ ಮುರಿದುಕೊಂಡು ಉಳಿದದ್ದನ್ನು ಕೈಗಿಡುತ್ತಾರೆ. ಪೂರ್ತಿ ಅಸಲನ್ನು ದಿನದಿನವೂ ಬಂದು ವಸೂಲು ಮಾಡುತ್ತಾರೆ. ವ್ಯಾಪಾರ ಒಂದು ದಿನ ನಿಂತರೂ ಕಂತು ನಿಲ್ಲದು. ಅದನ್ನು ತೀರಿಸಲು ಇನ್ನೊಬ್ಬನಲ್ಲಿ ‘ಮೀಟರ್ ವಟ್ಟಿ’ಗೆ ಕೈಚಾಚಿದರೆ, ನಮ್ಮ ಮೀಟರ್ ಬಡ್ಡಿಯಂತೆಯೇ, ಗಡುವು ಮೀರಿದಷ್ಟೂ ಮೊತ್ತ ಬೆಳೆಯುತ್ತದೆ. ಇವನ್ನೆಲ್ಲ ಹೆಸರಿಸಿ ನಿಷೇಧಿಸಿದ ತಮಿಳುನಾಡಿನ 2003ರ ಅತಿಬಡ್ಡಿ ನಿಷೇಧ ಕಾಯ್ದೆಯಲ್ಲಿ ಗಮನಾರ್ಹವಾದ ಒಂದು ಕಲಮಿದೆ: ಸಾಲಗಾರ ಆತ್ಮಹತ್ಯೆ ಮಾಡಿಕೊಂಡು, ಅದಕ್ಕೆ ಸ್ವಲ್ಪ ಮುಂಚೆ ಅವನಿಗೆ ಕಿರುಕುಳ ಕೊಟ್ಟದ್ದು ಸಾಬೀತಾದರೆ, ಕೊಟ್ಟವನೇ ಪ್ರಚೋದಕನೆಂದು ನ್ಯಾಯಾಲಯ ಭಾವಿಸಬೇಕು. ಸಮಾಜಶಾಸ್ತ್ರಜ್ಞರು ಹಿಂಜರಿಯುವ ಕಾರ್ಯಕಾರಣ ಸಂಬಂಧವನ್ನು ಶಾಸನಸಭೆ ಧೈರ್ಯವಾಗಿ ಒಪ್ಪಿಕೊಂಡಿತ್ತು.

ಬ್ಯೂರೋದ ಅಂಕಿಗಳನ್ನೇ ಮುಂದಿಟ್ಟು ನನ್ನ ವಾದವನ್ನು ಅಲ್ಲಗಳೆಯಬಹುದು. 2021ರ ರಾಷ್ಟ್ರೀಯ ವರದಿಯಲ್ಲಿ ಸಾಲ ಮತ್ತು ದಿವಾಳಿಯ ಪಾಲು ಕೇವಲ ಶೇ. 3.9; ‘ಕೌಟುಂಬಿಕ ಸಮಸ್ಯೆ’ಯದು ಶೇ. 33.2. ಆದರೆ ಪೊಲೀಸರು ಒಂದು ಸಾವಿಗೆ ಬರೆಯುವುದು ಸಾಮಾನ್ಯವಾಗಿ ಒಂದೇ ಕಾರಣ. ಅಡವಿಟ್ಟ ತಾಳಿಯ ಬಗ್ಗೆ ಗಂಡಹೆಂಡಿರಲ್ಲಿ ಎದ್ದ ಜಗಳವನ್ನು ಯಾವ ಕಾಲಮಿಗೆ ಸೇರಿಸಬೇಕು? ಅದೇ ವರದಿಯಲ್ಲಿ ದಿನಗೂಲಿಗಳು 42,004 ಮಂದಿ, ಒಟ್ಟು ಆತ್ಮಹತ್ಯೆಗಳ ಕಾಲು ಭಾಗಕ್ಕೂ ಹೆಚ್ಚು. ಕಾರಣದ ಕಾಲಮು ಮುಚ್ಚಿಟ್ಟದ್ದನ್ನು ಕಸುಬಿನ ಕಾಲಮು ಬಿಟ್ಟುಕೊಡುತ್ತದೆ. ಮನೋವೈದ್ಯರ ಆಕ್ಷೇಪ ಇನ್ನೂ ಗಟ್ಟಿಯಾದದ್ದು: ಖಿನ್ನತೆ, ಕುಡಿತಗಳಿಲ್ಲದೆ ಬರಿಯ ಸಾಲ ಸಾವಿನವರೆಗೆ ಒಯ್ಯುವುದು ಅಪರೂಪ. 1986ರಲ್ಲಿ ಚೆನ್ನೈನಲ್ಲಿ ಆತ್ಮಹತ್ಯೆ ತಡೆಗಾಗಿ ‘ಸ್ನೇಹಾ’ ಸಂಸ್ಥೆ ಕಟ್ಟಿದ ಡಾ. ಲಕ್ಷ್ಮಿ ವಿಜಯಕುಮಾರ್ ಮತ್ತು ರಾಜಕುಮಾರ್ 1999ರಲ್ಲಿ ಪ್ರಕಟಿಸಿದ ಅಧ್ಯಯನ, ಆತ್ಮಹತ್ಯೆಯಿಂದ ಸತ್ತ 100 ಮಂದಿಯನ್ನು ಬದುಕಿರುವ 100 ಮಂದಿಯೊಡನೆ ಹೋಲಿಸಿತ್ತು. ಮಾನಸಿಕ ಕಾಯಿಲೆ ಮತ್ತು ಬದುಕಿನಲ್ಲಿ ಆಗಷ್ಟೇ ಎರಗಿದ ಸಂಕಟ, ಎರಡೂ ಅಲ್ಲಿ ಪ್ರಬಲವಾಗಿ ಕಂಡವು. ಒಂದನ್ನು ಹಿಡಿದು ಇನ್ನೊಂದನ್ನು ಬಿಡಲು ಈ ಫಲಿತಾಂಶ ಅವಕಾಶ ಕೊಡುವುದಿಲ್ಲ.

ಮುಗ್ಗಟ್ಟಿನಿಂದ ಸಾವು ಅನಿವಾರ್ಯವೂ ಅಲ್ಲ. ಮುಗ್ಗಟ್ಟಿಗೆ ಸಿಕ್ಕ ಜಪಾನಿನಲ್ಲಿ 1997ರ 24,391 ಆತ್ಮಹತ್ಯೆಗಳು ಮರುವರ್ಷವೇ 32,863 ಆದವು. ಆದರೆ ಸ್ವೀಡನ್ನಿನಲ್ಲಿ 1990ರ ದಶಕದ ಆರಂಭದ ನಿರುದ್ಯೋಗ ಅಂಥ ಏರಿಕೆ ತರಲಿಲ್ಲ. ಕೆಲಸ ಕಳೆದುಕೊಂಡವರನ್ನು ಮತ್ತೆ ಕೆಲಸಕ್ಕೆ ಹಚ್ಚಲು ಅಲ್ಲಿನ ಸರ್ಕಾರ ಮಾಡಿದ ಖರ್ಚೇ ಕಾರಣವೆಂದು ಸಂಶೋಧಕರು ವಾದಿಸಿದ್ದಾರೆ. ಬಲವಂತದ ವಸೂಲಿಯನ್ನು ತಡೆಯಲು ಕರ್ನಾಟಕವೂ ತಮಿಳುನಾಡೂ 2025ರಲ್ಲಿ ಹೊಸ ಕಾನೂನು ತಂದಿವೆ. ಅವು ಫಲಿಸಿದವೇ ಎಂದು ತಿಳಿಯಲು ಪೊಲೀಸ್ ನಮೂನೆಯಲ್ಲಿ ಒಂದೇ ಕಾರಣದ ಬದಲು ಎರಡು ಮೂರು ಕಾರಣಗಳನ್ನು ಬರೆಯಲು ಜಾಗ ಬೇಕು. ಬ್ಯೂರೋ ಮೊದಲು ಮಾಡಬೇಕಾದ ತಿದ್ದುಪಡಿ ಇದು. ಸಂಕಟದಲ್ಲಿರುವವರಿಗೆ ಟೆಲಿ ಮಾನಸ್ ಸಹಾಯವಾಣಿ 14416 ಹಗಲಿರುಳೂ ಕನ್ನಡದಲ್ಲಿ, ತಮಿಳಿನಲ್ಲಿ ಉಚಿತವಾಗಿ ಸಿಗುತ್ತದೆ.